ಹೊಳೆ ದಂಡೆ ಬಿಟ್ಟು ಮೇಲೆ ಬಂದ ಸಂಗೀತದ ಮನೆ

ಮೊನ್ನೆ ಶುಕ್ರವಾರ ರಾತ್ರಿ ಒಂಬತ್ತಕ್ಕೆ, ಅಂದ್ರೆ ಊರಲ್ಲಿ ಶನಿವಾರ ಬೆಳಿಗ್ಗೆ ಏಳೂವರೆ, ನಾನು ಇಲ್ಲಿ ಯುನಿವರ್ಸಿಟಿಯ ಮ್ಯೂಸಿಕ್ ಬಿಲ್ಡಿಂಗಿನ ಹಾಲಲ್ಲಿ ಮೊಬೈಲ್ ಹಿಡ್ಕೊಂಡು ನಿಂತಿದ್ದೆ, ಆ ಕಡೆ ಉತ್ತರ ಕನ್ನಡದ ಗಂಗಾವಳಿ ಹೊಳೆ ದಂಡೆಯ ನಮ್ಮೂರು ಡೋಂಗ್ರಿಯಲ್ಲಿ ಮಾವ ತೆಳ್ಳೇವು ತಿಂತಾ ಸ್ಕ್ರೀನಿಗೆ ಮುಖ ತಾಗ್ಸಿ ಕೂತಿದ್ದ. ಕಾರ್ಯಕ್ರಮ ಮುಗಿದು ಜನ ಎಲ್ಲ ಎದ್ದು ಹೋಗಿದ್ರು. "ತಂಗೀ, ಕ್ಯಾಮೆರಾ ಮ್ಯಾಲೆ ತೋರ್ಸು, ಮಾಡಿಗೆ ಎಂತ ಹಾಕಿದ್ವೆ?" ಅಂದ. ಮೇಲಿನ ಛಾವಣಿ ತೋರಿಸ್ದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಒಂದ್ ಚಪ್ಪಾಳೆ ಹೊಡಿ ನೋಡನ" ಅಂದ. ಫೋನ್ ಸೀಟಿನ ಮೇಲಿಟ್ಟು ಹೊಡೆದೆ. ಆ ಒಂದು ಚಪ್ಪಾಳೆ ಮೇಲಕ್ಕೆ ಹೋಗಿ, ನಿಧಾನ ತೆಳ್ಳಗಾಗಿ, ಎಲ್ಲಿ ಮುಗೀತು ಅಂತ ಗೊತ್ತಾಗದ ಹಾಗೆ ಮುಗೀತು. "ಅಡ್ಡಿಲ್ಲೆ. ಮದ್ದಳೆಗೆ ಚೊಲೋ ಇದ್ದು. ಚಂಡೆಗೆ ಮಾತ್ರ ಜಾಸ್ತಿ ಆಗ್ತು." ನಲವತ್ತು ವರ್ಷ ಊರೂರು ತಿರುಗಿ ಹವ್ಯಾಸಿ ಯಕ್ಷಗಾನ ತಂಡಗಳಿಗೆ ಮದ್ದಳೆ ಬಾರಿಸಿದ ಮನುಷ್ಯ, ಫೋನಲ್ಲೇ ಆ ಸಭಾಂಗಣದ ಗುಣ ಹೇಳ್ದ, ಮತ್ತೆ ನನಗೆ ಅದು ಸರಿ ಅಂತಲೇ ಅನ್ನಿಸ್ತು.

ನಾವಿರೋದು ಅಯೋವಾ ಸಿಟಿ ಅಂತ, ಅಮೆರಿಕದ ನಡುಮಧ್ಯ, ಸುತ್ತ ಕಣ್ಣು ಹಾಯಿಸಿದಷ್ಟು ಮೆಕ್ಕೆಜೋಳದ ಹೊಲ. ನಮ್ಮನೆಯವ್ರ ಕೆಲಸ ಇಲ್ಲಿಯ ಯುನಿವರ್ಸಿಟಿಯಲ್ಲಿ. ಬಂದ ಮೊದಲ ಚಳಿಗಾಲ ನನಗೆ ಹೊರಗೆ ಹೋಗ್ಲಿಕ್ಕೆ ಅಂತ ಒಂದೇ ಒಂದು ಜಾಗ ಸಿಕ್ಕಿದ್ದು ಈ ವಾಕ್ಸ್‌ಮನ್ ಮ್ಯೂಸಿಕ್ ಬಿಲ್ಡಿಂಗ್, ಯಾಕಂದ್ರೆ ಅಲ್ಲಿ ಹೆಚ್ಚಿನ ಕಾರ್ಯಕ್ರಮ ಫ್ರೀ, ಒಳಗೆ ಬೆಚ್ಚಗೆ, ಯಾರೂ ಯಾರು ಎಂತ ಅಂತ ಕೇಳೋದಿಲ್ಲ. ಪೇಟೆ ನಡುವೆ ಬರ್ಲಿಂಗ್ಟನ್ ಸ್ಟ್ರೀಟ್, ಕ್ಲಿಂಟನ್ ಸ್ಟ್ರೀಟ್ ಕೂಡುವ ಮೂಲೇಲಿ ಆರು ಅಂತಸ್ತಿನ ಕಟ್ಟಡ, 2016ರಲ್ಲಿ ಓಪನ್ ಆಗಿದ್ದು, ಇಲ್ಲಿಯವ್ರು ಈಗಲೂ ಹೊಸ ಬಿಲ್ಡಿಂಗ್ ಅಂತಲೇ ಹೇಳ್ತಾರೆ. ಹಳೇದು ಎಲ್ಲಿ ಹೋಯ್ತು ಅಂತ ಕೇಳಿದಾಗ ಗೊತ್ತಾದ ಕಥೆ ನನ್ನನ್ನ ಸೀದಾ ಗಂಗಾವಳಿ ದಂಡೆಗೆ ತಂದು ನಿಲ್ಸಿತು.

ಹಳೇ ಸಂಗೀತ ಶಾಲೆ ಅಯೋವಾ ನದಿ ದಂಡೆ ಮೇಲಿತ್ತು. 2008ರ ಜೂನಲ್ಲಿ ನೆರೆ ಬಂತು, ಮೇಲೆ ಕೋರಲ್‌ವಿಲ್ ಅಂತ ಡ್ಯಾಂ ಇದೆ, ಅದರ ಕೋಡಿ ಮೇಲಿಂದಲೇ ನೀರು ಹರಿದು ಬಂತು, ಸಂಗೀತ ಶಾಲೆ, ಅದರ ಹಾಲು, ಪಕ್ಕದ ದೊಡ್ಡ ಹ್ಯಾಂಚರ್ ಆಡಿಟೋರಿಯಂ ಎಲ್ಲ ಮುಳುಗಿದ್ವು. ಮೇನ್ ಲೈಬ್ರರಿ ನೆಲಮಾಳಿಗೆಯಿಂದ ಊರಿನ ಜನ, ವಿದ್ಯಾರ್ಥಿಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿ ಮೇಲೆ ಸಾಗಿಸಿದ್ರಂತೆ, ನಮ್ಮಲ್ಲಿ ಮಾಡಿಗೆ ಹೆಂಚು ದಾಟಿಸೋ ಹಾಗೆ. ಆಮೇಲೆ ಎಂಟು ವರ್ಷ ಸಂಗೀತ ಶಾಲೆಗೆ ಸ್ವಂತ ಮನೆ ಇಲ್ಲ, ಪೇಟೆಯಲ್ಲಿ ಅಲ್ಲಲ್ಲಿ ಹಂಚಿ ಹೋಗಿ ಕ್ಲಾಸು, ಚರ್ಚುಗಳಲ್ಲಿ ಸಂಗೀತ ಕಛೇರಿ. ಕೊನೆಗೆ ಅವ್ರು ಮಾಡಿದ ತೀರ್ಮಾನ ಏನಂದ್ರೆ ನದಿ ದಂಡೆಗೆ ವಾಪಸ್ ಹೋಗೋದು ಬೇಡ, ಮೇಲೆ ಪೇಟೆಗೆ ಬರೋದು, ಜನ ಓಡಾಡೋ ರಸ್ತೆ ಮೇಲೆಯೇ ಕಟ್ಟೋದು.

ನನಗೆ ಇದು ಸುಮ್ನೆ ಕೇಳಿ ಬಿಡೋ ಸುದ್ದಿ ಆಗ್ಲಿಲ್ಲ. 2019ರ ಆಗಸ್ಟಲ್ಲಿ ನಮ್ಮ ಹೊಳೆ ಬಂದಿದ್ದು ಊರಿನವ್ರಿಗೆ ನೆನಪಿರ್ತದೆ. ಅದೇ ಹೊಳೆಗೆ ಘಟ್ಟದ ಮೇಲೆ ಬೇಡ್ತಿ ಅಂತ ಹೆಸರು, ಕೆಳಗೆ ಗಂಗಾವಳಿ. ಕಾಳಿ ನದಿಗೆ ಇರೋ ಹಾಗೆ ಇದಕ್ಕೆ ಡ್ಯಾಂ ಇಲ್ಲ, ಧಾರವಾಡ ಕಲಘಟಗಿ ಕಡೆ ಬಿದ್ದ ಮಳೆ ಎಲ್ಲ ಸೀದಾ ನಮ್ಮ ತೋಟಕ್ಕೆ. ಆ ದಿನ ಮಾವ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, "ನೀರು ಜಗಲಿ ಮೆಟ್ಲಿಗೆ ಬಂಜು", ಆಮೇಲೆ ಎರಡು ದಿನ ಲೈನೇ ಇಲ್ಲ. ಅತ್ತೆ, ದನ, ಕರು, ಅಕ್ಕಿ ಮುಡಿ ಎಲ್ಲ ಮೇಲಿನ ಮನೆಗೆ ಸಾಗಿಸಿದ, ಹಾರ್ಮೋನಿಯಂ, ಎರಡು ಮದ್ದಳೆ, ಒಂದು ಚಂಡೆ ಅಟ್ಟಕ್ಕೆ ಹತ್ತಿಸಿದ, ಅಟ್ಟಕ್ಕೂ ನೀರು ಬಂತು. ನೀರು ಇಳಿದ ಮೇಲೆ ನೋಡಿದ್ರೆ ಮದ್ದಳೆಯ ಚರ್ಮದ ಮುಚ್ಚಿಗೆ ನೆನೆಸಿಟ್ಟ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗೆ, ಅದಕ್ಕೆ ಹಚ್ಚಿದ ಕಪ್ಪು ಕರಣೆ ಬೆರಳಿಗೆ ಅಂಟ್ಕೊಂಡು ಬರ್ತಿತ್ತಂತೆ. ಹಾರ್ಮೋನಿಯಂ ಮರ ಉಬ್ಬಿ ಒತ್ತಿದ ಕೀಲಿ ಮನೆ ಮೇಲೆ ಬರ್ಲೇ ಇಲ್ಲ. ಮುಚ್ಚಿಗೆ ಹೊಸದು ಹಾಕಿಸ್ಬಹುದು, ಹಾರ್ಮೋನಿಯಂ ಇನ್ನೊಂದು ತರಬಹುದು. ಆದರೆ ಮಂಚದ ಕೆಳಗೆ ಒಂದು ತಗಡಿನ ಟ್ರಂಕ್ ಇತ್ತು, ಗಡಿಬಿಡಿಯಲ್ಲಿ ಅದನ್ನ ಯಾರೂ ನೆನಪು ಮಾಡಿರ್ಲಿಲ್ಲ. ಅದರ ತುಂಬ ಕ್ಯಾಸೆಟ್. ಮಳೆಗಾಲದಲ್ಲಿ ಮೇಳ ತಿರುಗಾಟ ನಿಲ್ತದಲ್ಲ, ಆವಾಗ ಜಗಲಿ ಮೇಲೆ ತಾಳಮದ್ದಳೆ, ಅಂದ್ರೆ ವೇಷ ಇಲ್ಲದೇ ಕೂತು ಮಾಡೋ ಯಕ್ಷಗಾನ, ಆಗ್ತಿತ್ತು, ಮಾವ ನ್ಯಾಷನಲ್ ಟೇಪ್ ರೆಕಾರ್ಡರ್ ಕಂಬಕ್ಕೆ ಕಟ್ಟಿ ರೆಕಾರ್ಡ್ ಮಾಡ್ತಿದ್ದ. ಅದರ ವಿಷಯ ಆಮೇಲೆ ಹೇಳ್ತೆ.

ಈ ಬಿಲ್ಡಿಂಗ್ ಹೇಗಿದೆ ಅಂತ ಮೊದಲು ಹೇಳ್ಬೇಕು, ಯಾಕಂದ್ರೆ ಇದನ್ನ ಕಿವಿಗೋಸ್ಕರ ಕಟ್ಟಿದಾರೆ. ದೊಡ್ಡ ಹಾಲಲ್ಲಿ 700 ಸೀಟು. ಮಾವ ನೋಡಿದ ಆ ಮಾಡು ಬಿಳೀ ಬಟ್ಟೆ ಮಡಚಿ ಮಡಚಿ ಇಳಿಬಿಟ್ಟ ಹಾಗೆ ಕಾಣ್ತದೆ, ಅದು ಅಲ್ಯೂಮಿನಿಯಂ ಹಾಳೆ, 946 ತುಂಡು, ಒಂದರ ಹಾಗೆ ಇನ್ನೊಂದಿಲ್ಲ. ಸದ್ದನ್ನ ಎಲ್ಲಿ ಎಷ್ಟು ವಾಪಸ್ ಕಳಿಸ್ಬೇಕು ಅನ್ನೋದಷ್ಟೇ ಅಲ್ಲ, ಲೈಟು, ಸ್ಪೀಕರ್, ಬೆಂಕಿ ಆರಿಸೋ ನೀರಿನ ಪೈಪು ಎಲ್ಲ ಅದರೊಳಗೇ ಸೇರ್ಸಿದಾರೆ. ಇನ್ನೊಂದು ಚಿಕ್ಕ ಹಾಲು, 200 ಸೀಟಿಂದು, ರಸ್ತೆ ಕಡೆ ಪೂರ್ತಿ ಗಾಜು. ನಾನು ಅಲ್ಲಿ ಕೂತ್ರೆ ಯಾವಾಗಲೂ ಬಲಗಡೆ ಕೂರ್ತೆ, ಒಬ್ಬಳು ಹುಡುಗಿ ಸೆಲ್ಲೋ ಬಾರಿಸ್ತಿರ್ತಾಳೆ, ಗಾಜಿನಾಚೆ ಬಸ್ಸು ಬಂದು ನಿಲ್ತದೆ, ಹಿಮ ಬೀಳ್ತಿರ್ತದೆ, ಜನ ಟೋಪಿ ಎಳ್ಕೊಂಡು ಇಳಿದು ಹೋಗ್ತಾರೆ, ಒಂದು ಸದ್ದೂ ಒಳಗೆ ಬರೋದಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗೆ ಕೋಣೆಗಳನ್ನ ಒಂದಕ್ಕೊಂದು ತಾಗದೇ ಕಟ್ಟಿದ್ದಕ್ಕೆ ಒಂದು ಕೋಣೇಲಿ ಕಹಳೆ ಊದಿದ್ರೂ ಪಕ್ಕದ ಕೋಣೇಲಿ ಪಿಯಾನೋದವ್ರಿಗೆ ತೊಂದ್ರೆ ಇಲ್ಲ. ವೇಷ ಕಟ್ಟೋ ಚೌಕಿಯಲ್ಲಿ ಮಾತಾಡಿದ್ದು ರಂಗಸ್ಥಳಕ್ಕೆ ಕೇಳೋ ನಮ್ಮ ಕಡೆಯ ಆಟ ನೋಡಿ ಬೆಳೆದ ನನಗೆ ಇದು ಮೊದಮೊದಲು ಒಂಥರಾ ಅನ್ನಿಸ್ತಿತ್ತು.

ದೊಡ್ಡ ಹಾಲಿನ ವೇದಿಕೆ ಹಿಂದೆ ಜರ್ಮನಿಯ ಬಾನ್ ಊರಿನ ಕ್ಲೈಸ್ ಅನ್ನೋ ಕಂಪನಿ ಮಾಡಿದ ಪೈಪ್ ಆರ್ಗನ್ ಇದೆ, ಗೋಡೆ ತುಂಬ ಕೊಳವೆ. ಮಾವ ಅದನ್ನ ನೋಡಿ ಮೊದಲು ಕೇಳಿದ್ದು "ಇದ್ರ ತಿದಿ ಯಾರು ಒತ್ತದು?" ಅಂತ. ಸರಿಯಾದ ಪ್ರಶ್ನೆ ಅದು! ಹಿಂದೆ ಚರ್ಚುಗಳಲ್ಲಿ ತಿದಿ ಒತ್ತಲಿಕ್ಕೆ ಅಂತಲೇ ಒಬ್ಬ ಆಳು ಇರ್ತಿದ್ದ, ಈಗ ಕರೆಂಟ್ ಮೋಟರ್ ಗಾಳಿ ತುಂಬ್ತದೆ. ನಮ್ಮ ಹಾರ್ಮೋನಿಯಂ ಇದರ ದೂರದ ಸಂಬಂಧಿ, ಅದರಲ್ಲಿ ಗಾಳಿಗೆ ಹಿತ್ತಾಳೆ ನಾಲಿಗೆ ಅಲುಗಾಡ್ತದೆ, ಇದರ ಹೆಚ್ಚಿನ ಕೊಳವೆಗಳಲ್ಲಿ ಒಳಗಿನ ಗಾಳಿಯೇ ಹಾಡ್ತದೆ. ಇಷ್ಟು ಹೇಳಿದ್ಮೇಲೆ ಮಾವಂಗೆ ಅದು ಪರದೇಶದ್ದು ಅಂತ ಅನ್ನಿಸ್ಲಿಲ್ಲ, "ಶ್ರುತಿ ಎಷ್ಟು, ಬಿಳಿ ಎರಡಾ, ಕಪ್ಪು ಎರಡಾ?" ಅಂತ ಶುರು ಮಾಡ್ದ.

ವಾಕ್ಸ್‌ಮನ್ ಅನ್ನೋದು ಇಲ್ಲಿ ಸುಮಾರು ಕಾಲು ಶತಮಾನ ಸಂಗೀತ ಶಾಲೆ ನಡೆಸಿದವ್ರ ಹೆಸರು. ಹೈಮಿ ವಾಕ್ಸ್‌ಮನ್, ಇದೇ ಅಯೋವಾದ ಸೆಂಟರ್‌ವಿಲ್ ಅನ್ನೋ ಚಿಕ್ಕ ಊರಲ್ಲಿ 1912ರಲ್ಲಿ ಹುಟ್ಟಿದ್ದು, ಕಲಿತಿದ್ದು ಕೆಮಿಕಲ್ ಇಂಜಿನಿಯರಿಂಗ್, ಕ್ಲಾರಿನೆಟ್ ಬಿಡ್ಲಿಕ್ಕಾಗದೇ ಸಂಗೀತಕ್ಕೇ ಬಂದ್ರು, 1954ರಿಂದ 1980ರವರೆಗೆ ಡೈರೆಕ್ಟರ್. ಅವರು ಮಾಡಿದ ಅಭ್ಯಾಸದ ಪುಸ್ತಕಗಳನ್ನ ಇಟ್ಕೊಂಡೇ ಈ ದೇಶದ ಶಾಲೆ ಮಕ್ಕಳು ತಲೆಮಾರುಗಟ್ಟಲೆ ಕ್ಲಾರಿನೆಟ್, ಸ್ಯಾಕ್ಸೋಫೋನ್ ಕಲ್ತಿದಾರೆ. ಗೆದ್ದ ಕಥೆಗಳೇ ಇರೋದು ಅಂತಲ್ಲ. ಪೂರ್ವಕ್ಕೆ ಮಿಸಿಸಿಪ್ಪಿ ದಂಡೆ ಮೇಲೆ ಡೇವನ್‌ಪೋರ್ಟ್ ಅಂತ ಊರಿದೆ, ಅಲ್ಲಿ ಹುಟ್ಟಿದ ಬಿಕ್ಸ್ ಬೈಡರ್‌ಬೆಕ್ ಜಾಝ್ ಕಾರ್ನೆಟ್‌ನಲ್ಲಿ ಇವತ್ತಿಗೂ ದೊಡ್ಡ ಹೆಸರು, ಅವ 1925ರಲ್ಲಿ ಈ ಯುನಿವರ್ಸಿಟಿಗೆ ಸೇರಿದ್ದ, ತನಗೆ ಸಂಗೀತದ ವಿಷಯವೇ ಬೇಕು ಅಂತ ಅವನ ಆಸೆ, ಹದಿನೆಂಟೇ ದಿನ ಇದ್ದು ಹೋದ. ಇಪ್ಪತ್ತೆಂಟಕ್ಕೆ ತೀರ್ಕೊಂಡ. ಪ್ರತಿ ಸಲ ಆ ಪ್ರಾಕ್ಟೀಸ್ ಕೋಣೆಗಳ ಮುಂದೆ ಹಾದು ಹೋಗುವಾಗ ನನಗೆ ಅವನ ನೆನಪಾಗ್ತದೆ.

ಇನ್ನೊಂದು ವಿಷಯ ಹೇಳ್ಲೇಬೇಕು. ಈ ರಾಜ್ಯದಲ್ಲಿ 1921ರಲ್ಲಿ ಬ್ಯಾಂಡ್ ಕಾಯ್ದೆ ಅಂತ ಬಂತು. ಊರಿನವ್ರು ವೋಟ್ ಹಾಕಿ ಒಪ್ಪಿದ್ರೆ ಮುನ್ಸಿಪಾಲಿಟಿ ಸಣ್ಣ ತೆರಿಗೆ ಎತ್ತಿ ಊರಿನ ಬ್ಯಾಂಡ್ ಸೆಟ್ಟಿಗೆ ಖರ್ಚು ಮಾಡ್ಬಹುದು. ರಸ್ತೆಗೆ, ನಳಕ್ಕೆ, ಬೀದಿ ದೀಪಕ್ಕೆ ಹೇಗೋ ಹಾಗೇ ಸಂಗೀತಕ್ಕೂ. ಸರ್ಕಸ್ ಬ್ಯಾಂಡಿಂದ ಬಂದು ಫೋರ್ಟ್ ಡಾಡ್ಜ್ ಊರಲ್ಲಿ ನೆಲೆ ನಿಂತ ಕಾರ್ಲ್ ಕಿಂಗ್ ಈ ಕಾಯ್ದೆ ಹೆಸರಲ್ಲೇ ಬ್ಯಾಂಡಿಗೆ ಅಂತ ಒಂದು ಮಾರ್ಚ್ ಸಂಗೀತ ಬರೆದ್ರು. ಕಾಯ್ದೆಗೆ ಕುಣಿಯೋ ರಾಗ! ಬೇಸಿಗೆಯಲ್ಲಿ ಸಣ್ಣ ಸಣ್ಣ ಊರಿನ ಪಾರ್ಕಲ್ಲಿ ಅಜ್ಜಂದಿರು ಟ್ಯೂಬಾ ಹೊತ್ಕೊಂಡು ಬಂದು ಕೂರೋದನ್ನ ನೋಡಿದ್ರೆ ಈ ದೊಡ್ಡ ಬಿಲ್ಡಿಂಗಿನ ಬೇರು ಎಲ್ಲಿದೆ ಅಂತ ತಿಳೀತದೆ. ಉತ್ತರಕ್ಕೆ ಎರಡು ತಾಸಿಗಿಂತ ಸ್ವಲ್ಪ ಜಾಸ್ತಿ ಹೋದ್ರೆ ಸ್ಪಿಲ್‌ವಿಲ್, ಚೆಕ್ ಜನ ಬಂದು ನೆಲೆಸಿದ ಹಳ್ಳಿ, 1893ರ ಬೇಸಿಗೆ ಚೆಕ್ ಸಂಗೀತಗಾರ ಡ್ವೋರ್ಜಾಕ್ ಅಲ್ಲಿ ಇದ್ರು, ಬಂದವರೇ ಮೂರು ದಿನದಲ್ಲಿ ನಾಲ್ಕು ತಂತಿವಾದ್ಯಕ್ಕೆ ಅಂತ ಒಂದು ಕ್ವಾರ್ಟೆಟ್‌ನ ಮೊದಲ ಕರಡು ಬರೆದು ಮುಗಿಸಿದ್ರು, ಅಲ್ಲಿಯ ಹಕ್ಕಿ ಕೂಗು ಅದರೊಳಗಿದೆ. ಅವರು ಇಳಿದ ಮನೆಯನ್ನ ಈಗ ಮ್ಯೂಸಿಯಂ ಮಾಡಿದಾರೆ. ತಮ್ಮ ಭಾಷೆ ಆಡೋ ಜನ ಇದ್ದ ಕಡೆ ಬಂದ ಕೂಡ್ಲೇ ಪೆನ್ನು ಓಡಿತು, ಅದು ನನಗೆ ಚೆನ್ನಾಗಿ ಅರ್ಥ ಆಗ್ತದೆ.

ನಮ್ಮ ಕಡೆ ಇರೋದೇನು ಕಡಿಮೆ ಹೇಳಿ. ಗುಣವಂತೆಯಲ್ಲಿ ಕೆರೆಮನೆಯವ್ರ ಮೇಳ, ಶಿವರಾಮ ಹೆಗಡೆಯವ್ರು 1934ರಲ್ಲಿ ಕಟ್ಟಿದ್ದು, ಇವತ್ತಿಗೂ ಗೆಜ್ಜೆ ಕಟ್ತಾ ಇದೆ. ಆ ಮೇಳಕ್ಕೆ ಎಷ್ಟೋ ವರ್ಷ ಹಾಡಿದ ನೆಬ್ಬೂರು ಭಾಗವತರ ದನಿ ಕೇಳಿದವ್ರಿಗೆ ಗೊತ್ತು, ಆ ಏರು ಪದ್ಯಕ್ಕೆ ಮೈಕೇ ಬೇಡ. ಅಂಕೋಲೆಯ ಬಡಿಗೇರಿಯಲ್ಲಿ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಬಂತು, ಹೋದ್ದು 2025ರ ಫೆಬ್ರವರಿಯಲ್ಲಿ, ಹಾಲಕ್ಕಿ ಒಕ್ಕಲಿಗರ ಹಾಡಿನ ದೊಡ್ಡ ಗಂಟೇ ಆ ಒಂದು ತಲೆಯೊಳಗಿತ್ತು. ಗುಮಟೆ ವಾದ್ಯದ ಪಾಂಗು ಇದೆ, ಮಣ್ಣಿನ ಗಡಿಗೆಗೆ ಹಿಂದೆ ಉಡದ ಚರ್ಮ ಬಿಗೀತಿದ್ರು, ಅದನ್ನ ಹಿಡಿಯೋದು ಕಾನೂನಲ್ಲಿ ನಿಷೇಧ ಆದ್ಮೇಲೆ ಆಡಿನ ಚರ್ಮ. ಯಲ್ಲಾಪುರ ಹಳಿಯಾಳ ಕಡೆ ಸಿದ್ದಿಯರ ಡಮಾಮಿ ಕುಣಿತ. ಒಂದೇ ಜಿಲ್ಲೇಲಿ ಇಷ್ಟು. ಜಿಲ್ಲೆಗೆ ಅಂತ ಸ್ವಂತ ಯುನಿವರ್ಸಿಟಿ ಇಲ್ಲ, ಧಾರವಾಡದ ಕೆಳಗೆ ಬರ್ತೇವೆ, ಕಾರವಾರದಲ್ಲಿ ಪಿಜಿ ಸೆಂಟರ್ ಇದೆ. 946 ತುಂಡಿನ ಮಾಡು ಬೇಕು ಅಂತ ನಾನು ಕೇಳೋದಿಲ್ಲ. ಚಂಡೆಗೆ ಹೊಂದೋ ಹಾಗೆ, ಮಾವನ ಥರದವ್ರನ್ನ ಕರೆದು ಚಪ್ಪಾಳೆ ಹೊಡೆಸಿ ನೋಡಿ ಕಟ್ಟಿದ ಒಂದು ಕೋಣೆ, ಹೊಳೆಗೆ ಸಿಗದಷ್ಟು ಎತ್ತರದಲ್ಲಿ, ಅಲ್ಲಿ ಒಂದು ಕಪಾಟು, ಹಾಡೋರು ಬಂದ್ರೆ ಶುದ್ಧ ರೆಕಾರ್ಡ್ ಮಾಡ್ಲಿಕ್ಕೆ ಒಬ್ಬ ಮನುಷ್ಯ. ಇಷ್ಟು ಬೇಕು, ಬೇಕೇ ಬೇಕು. ಸುಕ್ರಜ್ಜಿ ಹೋದ ಸುದ್ದಿ ಬಂದ ದಿನ ನಾನು ಇಲ್ಲಿಯ ಮ್ಯೂಸಿಕ್ ಲೈಬ್ರರಿಯಲ್ಲಿ ಕೂತಿದ್ದೆ, ಸುತ್ತ ಸಾಲು ಸಾಲು ಕಪಾಟು ನೋಡಿ ಅಳು ತಡೀಲಿಕ್ಕಾಗ್ಲಿಲ್ಲ.

ಈಗ ಆ ಟ್ರಂಕಿನ ವಿಷಯ. ಕೆಸರು ತುಂಬಿದ ಕ್ಯಾಸೆಟ್ಟುಗಳನ್ನ ಮಾವ ಬಚ್ಚಲ ಒಲೆ ಹತ್ರ ಒಣಗಿಸಿದ್ದ, ಆಗಸ್ಟಲ್ಲಿ ಬಿಸಿಲೆಲ್ಲಿಂದ ಬರ್ಬೇಕು, ಸುಮಾರು ಕ್ಯಾಸೆಟ್ ಬಿಸಿಗೆ ಸೊಟ್ಟ ಆಗಿ ಹೋದ್ವು. ಕಳೆದ ಸಲ ಊರಿಗೆ ಹೋದಾಗ ಉಳಿದಿದ್ದ ಹನ್ನೊಂದನ್ನ ಸೀರೆ ಮಧ್ಯ ಸುತ್ತಿ ಸೂಟ್‌ಕೇಸಲ್ಲಿ ತಂದೆ. ಬಿಸಿ ತಾಗಿಸ್ಬಾರದು, ಕೆಸರು ಹಾಗೇ ಇದ್ರೆ ಪ್ಲೇ ಮಾಡ್ಬಾರದು, ಸ್ಕ್ರೂ ಬಿಚ್ಚಿ, ಶುದ್ಧ ನೀರಲ್ಲಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಟೇಪಿನ ಸುರುಳಿಯನ್ನ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸ್ಬೇಕು. ಒಂದಕ್ಕೆ ಒಂದು ವಾರ ಬೇಕಾಯ್ತು ನನಗೆ. ಹಳೇ ಡೆಕ್ ಒಂದು ಸೆಕೆಂಡ್ ಹ್ಯಾಂಡ್ ತಗೊಂಡು ಲ್ಯಾಪ್‌ಟಾಪಿಗೆ ಹಾಕಿ ಏರಿಸ್ತಾ ಇದ್ದೆ. ನಾಲ್ಕು ಆಗಿದೆ, ಒಂದು ಮಧ್ಯದಲ್ಲಿ ಹರಿದು ಹೋಯ್ತು, ಅದರ ಸಂಕಟ ಇನ್ನೂ ಇದೆ. ನಿಮ್ಮನೇಲಿ ಇಂಥ ಟ್ರಂಕ್ ಇದ್ರೆ ಈ ಮಳೆಗಾಲದ ಮೊದಲೇ ದಯವಿಟ್ಟು ಎತ್ತಿಡಿ, ಅಟ್ಟಕ್ಕಲ್ಲ, ಗುಡ್ಡದ ಮೇಲಿನ ಯಾರಾದ್ರೂ ನೆಂಟರ ಮನೆಗೆ.

ಅವತ್ತು ಚಪ್ಪಾಳೆ ಹೊಡೆದು ಮನೆಗೆ ಬಂದು ನಾಲ್ಕನೆಯದರ ಒಂದು ತುಂಡು ಮಾವಂಗೆ ಕಳಿಸ್ದೆ. ಮೇಲೆ ಅವನದೇ ಅಕ್ಷರ, ನೀಲಿ ಶಾಯಿ ಕಲಸಿಹೋಗಿ "ನಮ್ಮನೆ ಜಗಲಿ, ಆಷಾಢ, 1991" ಅಂತ ಇಷ್ಟು ಓದ್ಲಿಕ್ಕೆ ಬರ್ತದೆ. ಮೊದಲು ಹೆಂಚಿನ ಮೇಲೆ ಮಳೆ, ಭಾಗವತರ ದನಿ ಅದರೊಳಗಿಂದ ಎದ್ದು ಬರ್ತದೆ, ಮದ್ದಳೆ ಮಾವಂದು, ಆವಾಗ ಅವಂಗೆ ಮೂವತ್ತೋ ಏನೋ, ಕೈ ಎಷ್ಟು ಚುರುಕು. ಪದ್ಯದ ನಡುವೆ ಒಳಗಿಂದ ಅಮ್ಮಮ್ಮ ಯಾರಿಗೋ ಚಾ ತಗಂಡು ಹೋಗು ಅಂತ ಕೂಗೋದು ಕೇಳ್ತದೆ. ಅರ್ಧ ತಾಸಾದ್ಮೇಲೆ ಮಾವನ ಮೆಸೇಜ್ ಬಂತು, ಆಯಿ ದನಿ ಇದ್ದಲೇ ಅದರಲ್ಲಿ, ಇನ್ನೊಂದ್ಸಲ ಕಳ್ಸು, ಅತ್ತೆ ಕೊಟ್ಟಿಗೆಯಿಂದ ಬರವು ಅಂತ.