ಟ್ರಂಪೆಟ್, ಟೆನರ್ ಮತ್ತು ಬ್ರೆಕರ್ ಸಹೋದರರ ಒಂದು ಸಾಲು

ಒಂದು ಟ್ರಂಪೆಟ್, ಒಂದು ಟೆನರ್ ಸ್ಯಾಕ್ಸೊಫೋನ್, ಅಣ್ಣ ರ್‍ಯಾಂಡಿ ಟ್ರಂಪೆಟ್, ತಮ್ಮ ಮೈಕಲ್ ಟೆನರ್ ನುಡಿಸುತ್ತಿದ್ದ ಅಮೆರಿಕದ ಜಾಝ್-ಫಂಕ್ ಜೋಡಿ ಬ್ರೆಕರ್ ಸಹೋದರರ ‘ಸಮ್ ಸ್ಕಂಕ್ ಫಂಕ್’. ಇಡೀ ಮಧ್ಯಾಹ್ನ ಕೂತರೂ ಆ ದಿನ ನಮ್ಮ ಕೈಗೆ ಹತ್ತಿದ್ದು ಶುರುವಿನ ಕೆಲವು ಸಾಲು ಮಾತ್ರ.

ಮೊದಲ ತೊಡಕು ಸ್ವರಲಿಪಿಯ ಹಾಳೆಯದೇ. ಎರಡೂ ಬಿ-ಫ್ಲ್ಯಾಟ್ ವಾದ್ಯಗಳು, ಅಂದರೆ ಹಾಳೆಯ ಸಿ ಊದಿದರೆ ಕೇಳಿಸುವುದು ಬಿ-ಫ್ಲ್ಯಾಟ್. ಆದರೆ ಒಂದೇ ಹಾಳೆ ನೋಡಿ ಇಬ್ಬರೂ ಊದಿದರೆ ಟೆನರ್ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ. ಸಮಕ್ಕೆ ಬರಬೇಕೆಂದರೆ ಟೆನರ್‌ನವರು ಒಂದು ಸ್ಥಾಯಿ ಮೇಲೆ ಓದಿಕೊಳ್ಳಬೇಕು. ಟ್ರಂಪೆಟ್ ಹಾಳೆಯಲ್ಲಿ ಐದನೇ ಗೆರೆಯ ಎಫ್-ಶಾರ್ಪ್ ದಾಟಿತೋ, ಸ್ಯಾಕ್ಸೊಫೋನಿನ ಕೀಲಿಗಳು ಅಲ್ಲಿಗೆ ಮುಗಿದವು. ಅದರಾಚೆಯ ಸ್ವರಗಳನ್ನು ಗಂಟಲಿನ ಆಕಾರ ಬದಲಿಸಿ, ಬೇರೆ ಬೆರಳುಕಟ್ಟಿನಲ್ಲಿ ಹುಟ್ಟಿಸಬೇಕು. ಟ್ರಂಪೆಟ್‌ಗೆ ಆರಾಮದ ಜಾಗ ಟೆನರ್‌ಗೆ ಏರುದಾರಿ. ತಮ್ಮ ಮೈಕಲ್ ಅಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿದ್ದ ಎಂಬುದು ಊದಿ ನೋಡಿದವರಿಗೇ ಗೊತ್ತು.

ಎರಡನೆಯದು ಸ್ವರದ ಕೊನೆ. ಒಟ್ಟಿಗೆ ಶುರು ಮಾಡುವುದು ಕಷ್ಟವಲ್ಲ, ಒಟ್ಟಿಗೆ ನಿಲ್ಲಿಸುವುದು ಕಷ್ಟ. ಟ್ರಂಪೆಟ್ ನಾಲಿಗೆಯಿಂದ ಕತ್ತರಿಸುತ್ತದೆ, ಸ್ಯಾಕ್ಸೊಫೋನ್ ಉಸಿರು ಬಿಟ್ಟು ಇಳಿಸುತ್ತದೆ. ಹಾಗಾದರೆ ಸಾಲಿನ ಬಾಲ ಹರಿದಂತಾಗುತ್ತದೆ. ಲಯ ತೋರುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಳಿಸಿ, ಸ್ವರದ ಕಂಪನ ಪೂರ್ತಿ ಬಿಟ್ಟು, ಪ್ರತಿ ಚಿಕ್ಕ ಸ್ವರ ಎಲ್ಲಿ ಮುಗಿಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ ಮೇಲಷ್ಟೇ ಎರಡು ವಾದ್ಯ ಒಂದಾದವು. ಈ ಶಿಸ್ತು ಅಣ್ಣ-ತಮ್ಮಂದಿರಿಗೆ ರಕ್ತದಿಂದ ಬಂತು ಅನ್ನುವುದು ಸುಲಭದ ಮಾತು. ನನಗೆ ಕೇಳಿಸುವುದು ಸ್ಟುಡಿಯೊ ಕೂಲಿಯ ಶಿಸ್ತು. 1975ರಲ್ಲಿ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ಟೆಂತ್ ಅವೆನ್ಯೂ ಫ್ರೀಜ್-ಔಟ್’ಗೂ ಇವರೇ, ಫಂಕ್ ತಂಡ ಪಾರ್ಲಿಮೆಂಟ್‌ನ ‘ಮದರ್‌ಶಿಪ್ ಕನೆಕ್ಷನ್’ಗೂ ಇವರೇ. ಗಂಟೆ ಲೆಕ್ಕದ ಆ ಕೆಲಸದಲ್ಲಿ ಬಾಲ ಹರಿದರೆ ಮುಂದಿನ ಕರೆ ಬರುವುದಿಲ್ಲ.

ಅದೇ ವರ್ಷ ಅರಿಸ್ಟಾ ಕಂಪನಿಯಿಂದ ಮೊದಲ ಆಲ್ಬಮ್ ಬಂತು. ಅಣ್ಣ ರ್‍ಯಾಂಡಿ ಬರೆದ ‘ಸಮ್ ಸ್ಕಂಕ್ ಫಂಕ್’ ಅದರ ಮೊದಲ ಹಾಡು. ಅಲ್ಲಿ ಡೇವಿಡ್ ಸ್ಯಾನ್‌ಬಾರ್ನ್‌ನ ಆಲ್ಟೊ ಸ್ಯಾಕ್ಸೊಫೋನ್ ಕೂಡ ಇರುವುದರಿಂದ ಮೂರು ಊದುವಾದ್ಯ. ಇಬ್ಬರೇ ನುಡಿಸುವಾಗ ಸಾಲು ತೆಳುವೆನಿಸಿದರೆ ಕಾರಣ ಅದು. ಇಬ್ಬರಿಗೆ ಮಾದರಿ ಬೇಕಿದ್ದರೆ 1978ರ ‘ಹೆವಿ ಮೆಟಲ್ ಬಿ-ಬಾಪ್’ ಕೇಳಬೇಕು. ಲಾಂಗ್ ಐಲೆಂಡಿನ ‘ಮೈ ಫಾದರ್ಸ್ ಪ್ಲೇಸ್’ ಕ್ಲಬ್ಬಿನಲ್ಲಿ ಧ್ವನಿಮುದ್ರಣ, ಡ್ರಮ್ಸ್‌ಗೆ ಟೆರಿ ಬೋಜಿಯೊ. ವೇಗ ಮಾತ್ರ ಸ್ಟುಡಿಯೊದಲ್ಲಿ ನುಡಿಸಿದ್ದಕ್ಕಿಂತ ಎಷ್ಟೋ ಹೆಚ್ಚು.

ಅಲ್ಲಿ ಟ್ರಂಪೆಟ್ ಗಿಟಾರಿನ ಹಾಗೆ ವಾ-ವಾ ಅನ್ನುತ್ತದೆ. ನಾವೂ ಸದ್ದಿಗೆ ಆ ‘ವಾ’ ಕೊಡುವ, ಕಾಲಿನಿಂದ ಒತ್ತುವ ಪೆಡಲ್ ಸಿಕ್ಕಿಸಿದೆವು. ಮೈಕನ್ನು ನೇರ ಪೆಡಲ್‌ಗೆ ಕೊಟ್ಟರೆ ಸದ್ದು ಸೊರಗುತ್ತದೆ, ನಡುವೆ ಸದ್ದನ್ನು ಬಲಪಡಿಸುವ ಪ್ರೀಆಂಪ್ ಬೇಕೇಬೇಕು. ಅದರ ಗೇನ್ (ಬಲದ ಮಟ್ಟ) ಏರಿಸಿದಿರೋ, ಪೆಡಲಿನ ಮುಂಭಾಗ ಒತ್ತಿದಾಗ ಅದು ಎತ್ತಿದ ಶ್ರುತಿಯಲ್ಲೇ ಸ್ಪೀಕರ್ ಕಿರುಚುತ್ತದೆ, ಏಕೆಂದರೆ ವಾ ಸ್ವರಶ್ರೇಣಿಯ ಒಂದು ಕಿರಿದಾದ ಪಟ್ಟಿಯನ್ನಷ್ಟೇ ಎತ್ತಿ ಹಿಡಿಯುತ್ತದೆ. ಮೈಕನ್ನು ಟ್ರಂಪೆಟ್ಟಿನ ಸದ್ದು ಹೊರಬರುವ ಅಗಲ ಬಾಯಿಗೆ ಕ್ಲಿಪ್ ಮಾಡಿ, ಸ್ಪೀಕರನ್ನು ನಮ್ಮ ಮುಂದೆ, ಆಚೆ ಮುಖ ಮಾಡಿ ಇಟ್ಟ ಮೇಲೆ ಕಿರುಚು ನಿಂತಿತು. ಕಾಲು ತಾಳ ಹಾಕುವ ಚಟ ಇದ್ದವರಿಗೆ ಇನ್ನೊಂದು ಪೀಡೆ: ಪೆಡಲ್ ಮೇಲಿನ ಕಾಲು ತಾನಾಗಿ ಕುಣಿದು ಪ್ರತಿ ಮಾತ್ರೆಗೂ ವಾ ತೆರೆಯುತ್ತದೆ. ತಾಳದ ಕಾಲು ಬೇರೆ, ಪೆಡಲಿನ ಕಾಲು ಬೇರೆ ಮಾಡಿಕೊಳ್ಳಬೇಕು.

1981ರ ‘ಸ್ಟ್ರ್ಯಾಪ್‌ಹ್ಯಾಂಗಿನ್’ ಆದಮೇಲೆ ಜೋಡಿ ಬೇರೆಬೇರೆ ದಾರಿ ಹಿಡಿದು, 1992ರಲ್ಲಿ ಮತ್ತೆ ಕೂಡಿತು. ಮೈಕಲ್ 2007ರ ಜನವರಿಯಲ್ಲಿ ತೀರಿಕೊಂಡ. ಅವನಿದ್ದಾಗಲೇ, 2003ರಲ್ಲಿ, ಜರ್ಮನಿಯ ಡಬ್ಲ್ಯುಡಿಆರ್ ರೇಡಿಯೊದ ಬಿಗ್ ಬ್ಯಾಂಡ್ ಜೊತೆ ಇಬ್ಬರೂ ಇದೇ ಹಾಡನ್ನು ನುಡಿಸಿದ್ದಾರೆ. ಊದುವಾದ್ಯಗಳ ದೊಡ್ಡ ದಂಡೇ ಇರುವ ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಬೇಡಿ. ಯಾವ ಸ್ವರ ಯಾರದೆಂದು ಬಿಡಿಸುವಷ್ಟರಲ್ಲಿ ತುಟಿ ಸೋತಿರುತ್ತದೆ.