ಮಾತ್ರೆಗಳೇನು ನಡೆದು ಹೋಗುತ್ತವಾ?

ಮಂಗಳವಾರದ ಬಜೆಟ್ ಕಾಲ್‌ನಲ್ಲಿ ಅಮಾಯಿ ಕೇಳಿದ್ದು ಒಂದೇ ಮಾತು. "ಹಾಗಾದರೆ ಮಾತ್ರೆಗಳೇನು ನಡೆದು ಹೋಗುತ್ತವಾ?" ಆಮೇಲೆ ಸ್ವಲ್ಪ ಹೊತ್ತು ಯಾರ ದನಿಯೂ ಇಲ್ಲ. ಯಾರೋ ಮ್ಯೂಟ್ ತೆಗೆದರು, ಮತ್ತೆ ಹಾಕಿಕೊಂಡರು. ವಾರವೆಲ್ಲ ನನ್ನ ತಲೆಯಲ್ಲಿ ಅದೇ ಓಡುತ್ತಿದೆ.

ಅಮಾಯಿ ನಮ್ಮ ಫಾರ್ಮಸಿಸ್ಟ್. ಆಫ್ರಿಕಾದ ಮಲಾವಿ ದೇಶದ ರಾಜಧಾನಿ ಲಿಲಾಂಗ್ವೆಯ ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಅಮಾಯಿ, ಅಂದರೆ ಅಮ್ಮ, ಅಂತಲೇ ಕರೆಯುವುದು, ಲೆಕ್ಕಪತ್ರ ನೋಡುವ ನಾನೂ ಅಷ್ಟೆ. ಮಲಾವಿಯ ಸರ್ಕಾರಿ ಆಸ್ಪತ್ರೆಗಳಿಗೆ ಎಚ್ಐವಿ, ಮಲೇರಿಯಾ ಔಷಧಿ ತರಿಸಿ ಹಂಚುವ ಕೆಲಸ ನಮ್ಮದು. ದುಡ್ಡು ಯುರೋಪಿನಿಂದ ಬರುತ್ತದೆ. ಔಷಧಿ ಬಹುಪಾಲು ಭಾರತದ್ದು. ಇಲ್ಲಿ '13ಎ' ಎಂದು ಕರೆಯುವ ಎಚ್ಐವಿ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿದರೆ ನಮ್ಮ ದೇಶದ ವಿಳಾಸವೇ ಕಾಣುತ್ತದೆ. ಬೆಂಗಳೂರಿನಲ್ಲಿ ಆಡಿಟ್ ಮಾಡಿಕೊಂಡಿದ್ದ ಕಾಲದಲ್ಲಿ ಇವೆಲ್ಲ ಇಷ್ಟು ದೂರ ಬರುತ್ತವೆ ಅಂತ ನನಗೆ ಅಂದಾಜೇ ಇರಲಿಲ್ಲ.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದ್ದು, ಆಮೇಲೆ ಏಡ್ಸ್, ಟಿಬಿ, ಮಲೇರಿಯಾ ತಡೆಗೆ ದುಡ್ಡು ಕೊಡುವ ಅಂತರರಾಷ್ಟ್ರೀಯ ನಿಧಿ ಗ್ಲೋಬಲ್ ಫಂಡ್ ಕೂಡ ಕೊಡುತ್ತಿದ್ದುದರಲ್ಲಿ ಕಡಿತ ಮಾಡಿದ್ದು ಗೊತ್ತೇ ಇದೆ. ನಮ್ಮ ದಾನಿ ಇವರಿಬ್ಬರೂ ಅಲ್ಲ, ಚಿಕ್ಕವರು. ಆದರೆ ದೊಡ್ಡವರು ಕೈ ಬಿಗಿ ಮಾಡಿದರೆ ಚಿಕ್ಕವರಿಗೂ ಧೈರ್ಯ ಬರುತ್ತದಲ್ವಾ? ಈ ಸಲದ ಪ್ರಸ್ತಾವ ಕೇಳೋಕೆ ಚೆನ್ನಾಗಿಯೇ ಇತ್ತು. "ಔಷಧಿಯ ದುಡ್ಡಿಗೆ ಒಂದು ಪೈಸೆಯೂ ಕೈ ಹಚ್ಚುವುದಿಲ್ಲ. ಸಾಗಾಟದ ಖರ್ಚು ಮಾತ್ರ ಅರ್ಧಕ್ಕೆ ಇಳಿಸಿ." ಅಮಾಯಿ ಬಾಯಿ ಬಿಟ್ಟದ್ದು ಆಗ.

ಆ ಪ್ರಸ್ತಾವ ಇಟ್ಟ, ದಾನಿಯ ಕಡೆಯ ಹುಡುಗ ಕೆಟ್ಟವನೇನಲ್ಲ. ನಯವಾಗಿ ಮಾತಾಡುತ್ತಾನೆ, ಮೇಲ್‌ಗೆ ಅದೇ ದಿನ ಉತ್ತರ ಕೊಡುತ್ತಾನೆ. ದಾನಿಗಳ ಕಡೆಯವರಲ್ಲಿ ಇದು ಅಪರೂಪ. ಆದರೆ ಅವನ ಕಣ್ಣು ಎಕ್ಸೆಲ್‌ನ ಒಂದೇ ಕಾಲಂ ಮೇಲೆ. ಔಷಧಿಯ ಬೆಲೆಗೆ ಸಾಗಾಟದ ಖರ್ಚು ಶೇಕಡಾ ಎಷ್ಟು? ಹಿಂದೆ ಕಡಿಮೆ ಇತ್ತು, ಈಗ ಜಾಸ್ತಿಯಾಗಿದೆ. ಅಂದರೆ ನಾವು ಪೋಲು ಮಾಡುತ್ತಿದ್ದೇವೆ ಅಂತ ಅವನ ಲೆಕ್ಕ. ನಮ್ಮ ಬಾಸ್ ಎಂದಿನಂತೆ "ನೋಟೆಡ್" ಅಂದು ಸುಮ್ಮನಾದರು. ಅವರಿಗೆ ಈ ಮಾತು ಬಾರದೇ ಹೋಗಿದ್ದರೆ ನಮ್ಮ ಅರ್ಧ ತಲೆನೋವು ಇರುತ್ತಿರಲಿಲ್ಲ.

ಆ ಕಾಲಂ ಒಳಗೇ ಒಂದು ಮೋಸ ಇದೆ. 13ಎ ಮಾತ್ರೆಯನ್ನೇ ತೆಗೆದುಕೊಳ್ಳಿ. 2017ರಲ್ಲಿ ಬಡ ದೇಶಗಳಿಗೆಂದು ಒಪ್ಪಂದವಾದಾಗ ಒಬ್ಬರಿಗೆ ವರ್ಷಕ್ಕೆ ಸುಮಾರು 75 ಡಾಲರ್ ಬೀಳುತ್ತಿತ್ತು. 2023ರಲ್ಲಿ ಅದು 45 ಡಾಲರ್‌ಗಿಂತ ಕೆಳಗೆ ಬಂತು. ಭಾರತದ ಕಂಪನಿಗಳು ಪೈಪೋಟಿಗೆ ಬಿದ್ದು ತಯಾರಿಸಿದ್ದೂ ಅದಕ್ಕೊಂದು ಕಾರಣ. ಎಲ್ಲರೂ ಖುಷಿಪಡುವ ಸುದ್ದಿ. ಆದರೆ ಡಬ್ಬಿಯ ತೂಕ ಇಳಿಯಿತಾ? ರಸ್ತೆ ಗಿಡ್ಡ ಆಯಿತಾ? ಸುಮ್ನೆ ಒಂದು ಲೆಕ್ಕ ಹಾಕಿ. ಸಾಗಾಟಕ್ಕೆ 6 ಡಾಲರ್ ಆಗುತ್ತದೆ ಅಂದುಕೊಳ್ಳೋಣ. 75ಕ್ಕೆ ಅದು ಶೇಕಡಾ 8. 45ಕ್ಕೆ ಶೇಕಡಾ 13 ದಾಟುತ್ತದೆ. ಲಾರಿ ಅದೇ, ಡ್ರೈವರ್ ಅದೇ, ಖರ್ಚೂ ಅದೇ. ಔಷಧಿ ಅಗ್ಗವಾಗಿದ್ದಕ್ಕೆ ಬೈಗುಳ ಮಾತ್ರ ಸಾಗಾಟದವರಿಗೆ.

ಇನ್ನು ಡ್ರಿಪ್ ಬಾಟಲಿ. 2022-23ರ ಕಾಲರಾದಲ್ಲಿ ಇಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಕಾಯಿಲೆ ಜೋರಾದವರನ್ನು ಉಳಿಸುವುದು ಉಪ್ಪುನೀರಿನಂಥ ಆ ದ್ರವವೇ. ಬೆಲೆ ನೋಡಿದರೆ ಏನೂ ಅಲ್ಲ, ಆದರೆ ಒಂದು ಲೀಟರ್ ಅಂದರೆ ಒಂದು ಕಿಲೋ. ಲಾರಿ ತುಂಬ ಹೇರಿದರೂ ಸರಕಿನ ಬೆಲೆ ಪುಡಿಗಾಸು. ಶೇಕಡಾ ಲೆಕ್ಕ ನೋಡುವವರ ಮುಂದೆ ಅದಕ್ಕಿಂತ ದಂಡದ ಖರ್ಚು ಇನ್ನೊಂದಿಲ್ಲ.

ಮಲಾವಿಗೆ ಸಮುದ್ರವಿಲ್ಲ. ಕಂಟೇನರ್ ಮೊಜಾಂಬಿಕ್‌ನ ಬೈರಾದಲ್ಲೋ ನಕಾಲಾದಲ್ಲೋ, ಇಲ್ಲವೇ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೋ ಇಳಿದು ಗಡಿ ದಾಟಿ ಬರಬೇಕು. ದೇಶದಲ್ಲಿ ಡಾಲರ್ ಇಲ್ಲ. 2023ರ ನವೆಂಬರ್‌ನಲ್ಲಿ ಡಾಲರಿಗೆ 1,180 ಇದ್ದ ಇಲ್ಲಿನ ಹಣ ಕ್ವಾಚಾವನ್ನು ಒಂದೇ ಏಟಿಗೆ 1,700ಕ್ಕೆ ಬಿಟ್ಟರು. ಡಾಲರ್ ಇಲ್ಲದ ಮೇಲೆ ಡೀಸೆಲ್ ಎಲ್ಲಿಂದ ಬರಬೇಕು? ಬಂಕ್‌ಗಳ ಮುಂದೆ ಗಾಡಿಗಳ ಸಾಲು. ಲಾರಿ ಮಾಲೀಕ ಕ್ಯಾನಿನಲ್ಲಿ ಡೀಸೆಲ್ ಕೊಂಡು ತುಂಬಿಸಿದ, ಅದಕ್ಕೆ ರಸೀದಿ ಯಾರು ಕೊಡುತ್ತಾರೆ? ರಸೀದಿ ಇಲ್ಲದೆ ನಾನು ದುಡ್ಡು ಕೊಡೋ ಹಾಗಿಲ್ಲ. ಅವನು ಬಂದು ನನ್ನ ಮೇಜಿನ ಮುಂದೆ ಕೂರುತ್ತಾನೆ, ನೀರು ಕುಡಿಯುತ್ತಾನೆ, ಬೈಯುವುದಿಲ್ಲ. ಬೈದರೆ ವಾಸಿ ಅನಿಸುತ್ತದೆ.

ಕಾಲ್ ಮುಗಿದ ಮೇಲೆ ಅಮಾಯಿ ಒಂದು ಚೀಟಿ ತಂದು ಕೀಬೋರ್ಡಿನ ಮೇಲಿಟ್ಟರು. ಲಿಕೋಮಾದ್ದು. ಅದು ಮಲಾವಿ ಸರೋವರದೊಳಗಿನ ದ್ವೀಪ, ಸುತ್ತಲಿನ ನೀರು ಮೊಜಾಂಬಿಕ್‌ನದು. ಔಷಧಿ ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. ಇಳಿಸಿದ ಪೆಟ್ಟಿಗೆಗಳನ್ನು ತಲೆ ಮೇಲೆ ಹೊತ್ತು ಆಸ್ಪತ್ರೆ ಮುಟ್ಟಿಸಿದವರ ಕೂಲಿ ಚೀಟಿ ಅದು. ಗೆರೆ ಹಾಳೆಯ ಅರ್ಧ ತುಂಡು, ನೀಲಿ ಶಾಯಿಯಲ್ಲಿ ಹೆಬ್ಬೆಟ್ಟು, ಕೆಳಗೆ ನರ್ಸ್ ಸಹಿ. ಹಿಂದಿನ ಆಡಿಟ್‌ನವರು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: "ತೆರಿಗೆ ನಂಬರ್ ಎಲ್ಲಿ?" ಅಮಾಯಿ ಏನೂ ಹೇಳದೆ ಹೋದರು. ಅವರು ಮೊದಲೇ ಮಾತು ಕಡಿಮೆ. ಆ ಕಾಲ್‌ನಲ್ಲಿ ಮಾತಾಡಿದ್ದೇ ನನಗೆ ಆಶ್ಚರ್ಯ.

ಈ ಕ್ಷೇತ್ರದಲ್ಲಿ ಇಷ್ಟು ಕಾಲ ಇದ್ದು ನನಗೆ ಅನಿಸಿದ್ದು ಇಷ್ಟು. ಔಷಧಿ ಕೊಡಿಸಿದೆವು ಅಂದರೆ ಫೋಟೋ ಬರುತ್ತದೆ, ಡಬ್ಬಿ ಹಿಡಿದ ತಾಯಿ, ಹಿಂದೆ ಲೋಗೋ. ಡೀಸೆಲ್ ಬಿಲ್ಲಿಗೆ ಲೋಗೋ ಅಂಟಿಸೋಕೆ ಆಗುತ್ತಾ? ಗೋದಾಮಿನ ಬಾಡಿಗೆ, ಫ್ರಿಜ್ಜಿನ ಕರೆಂಟು, ಅವಧಿ ಮುಗಿದ ಔಷಧಿ ಸುಡುವ ಖರ್ಚು, ಇವನ್ನೆಲ್ಲ ಕೇಳುವಾಗ ನಾವು ಭಿಕ್ಷೆಗೆ ಬಂದವರ ಹಾಗೆ ದನಿ ತಗ್ಗಿಸುತ್ತೇವೆ. ನಮ್ಮೂರ ಕಡೆ ಬೋರ್ ಹೊಡೆಸಿ ಮೋಟಾರಿಗೆ ದುಡ್ಡಿಲ್ಲ ಅಂತ ಕೂತವರನ್ನು ನೋಡಿ ನಗುತ್ತಿದ್ದೆವು. ಇಲ್ಲಿ ಹಾಗೆ ಮಾಡುವವರು ಭಾರೀ ಓದಿಕೊಂಡವರು. ಸಾಗದೆ ಉಳಿದ ಔಷಧಿ ಗೋದಾಮಿನಲ್ಲಿ ಅವಧಿ ಮುಗಿದರೆ, ಯಾಕೆ ಮುಗಿಯಿತು ಅಂತ ನೋಟಿಸ್ ಕಳಿಸುವವರೂ ಅವರೇ.

ಗುರುವಾರ ರಾತ್ರಿ ಕೂತು ಬೇರೆ ಹಾಳೆ ಮಾಡಿದೆ. ಬೆಲೆಯ ಶೇಕಡಾ ಬಿಟ್ಟು, ಒಂದು ಘನ ಮೀಟರ್ ಸರಕಿಗೆ ಕಿಲೋಮೀಟರಿಗೆ ಎಷ್ಟು ಅಂತ ಹಾಕಿದೆ. ಹಾಗೆ ನೋಡಿದರೆ ಡಾಲರ್ ಲೆಕ್ಕದಲ್ಲಿ ನಮ್ಮ ಖರ್ಚು ಹೆಚ್ಚುಕಮ್ಮಿ ಹಿಂದಿನಷ್ಟೇ. ಕೆಳಗೆ ಲಿಕೋಮಾದ ಚೀಟಿಯನ್ನೂ ಸ್ಕ್ಯಾನ್ ಮಾಡಿ ಸೇರಿಸಿದೆ, ಪೆನ್ಸಿಲ್ ಬರಹದ ಸಮೇತ. ಹುಡುಗ ಶುಕ್ರವಾರವೇ ಉತ್ತರಿಸಿದ. ಲೆಕ್ಕ ಆಸಕ್ತಿಕರವಾಗಿದೆಯಂತೆ, ಮೇಲಿನವರಿಗೆ ತೋರಿಸುತ್ತಾನಂತೆ. ಆದರೆ ಅವರ ನಮೂನೆಯಲ್ಲಿ ಘನ ಮೀಟರ್‌ಗೆ ಕಾಲಂ ಇಲ್ಲವಂತೆ, ದಯವಿಟ್ಟು ಸದ್ಯಕ್ಕೆ ಶೇಕಡಾದಲ್ಲೇ ತುಂಬಿ ಕಳಿಸಬೇಕಂತೆ. ತುಂಬಿದೆ. ಅರ್ಧ ಮಾಡಿಲ್ಲ, ಹಳೆಯ ಮೊತ್ತವನ್ನೇ ಹಾಕಿದ್ದೇನೆ. ಸೋಮವಾರ ಮತ್ತೆ ಕಾಲ್ ಇದೆ. ಅಮಾಯಿಗೂ ಲಿಂಕ್ ಕಳಿಸಿದ್ದೇನೆ.