ಸ್ಕಿನ್ನರ್ ತಮ್ಮ ಮಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದರೇ?

ಬಿ.ಎಡ್. ಓದುವವರು, ಪುಟ್ಟ ಮಕ್ಕಳ ತಂದೆತಾಯಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ: ‘ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹೆತ್ತ ಮಗಳನ್ನೇ ಇಲಿಯ ಹಾಗೆ ಪೆಟ್ಟಿಗೆಯಲ್ಲಿಟ್ಟು ಬೆಳೆಸಿದರಂತೆ, ಆಕೆಗೆ ಹುಚ್ಚು ಹಿಡಿಯಿತಂತೆ, ನಿಜವೇ?’

ಸುಳ್ಳು. ಪೆಟ್ಟಿಗೆಗಳು ಎರಡು, ಒಂದು ಮಗಳದ್ದು, ಇನ್ನೊಂದು ಪ್ರಯೋಗದ ಇಲಿಗಳದ್ದು. ಜನ ಎರಡನ್ನೂ ಒಂದು ಮಾಡಿಬಿಟ್ಟಿದ್ದಾರೆ.

ಮಗಳದ್ದು ಮಲಗುವ ತೊಟ್ಟಿಲು. 1944ರಲ್ಲಿ ಎರಡನೆಯ ಮಗಳು ಡೆಬೊರಾಗಾಗಿ ಅಮೆರಿಕದ ಮಿನೆಸೋಟದಲ್ಲಿ ಸ್ಕಿನ್ನರ್ ತಾವೇ ಕಟ್ಟಿದ್ದು. ಅಲ್ಲಿನ ಚಳಿಗೆ ಮಗುವಿಗೆ ಪದರ ಪದರವಾಗಿ ಬಟ್ಟೆ ಸುತ್ತಬೇಕು. ಸುತ್ತಿದರೆ ಕೈಕಾಲು ಆಡಿಸಲು ಆಗುವುದಿಲ್ಲ. ಬಟ್ಟೆಯ ಬದಲು ಸುತ್ತಲಿನ ಗಾಳಿಯನ್ನೇ ಬೆಚ್ಚಗಿಟ್ಟರಾಯಿತು ಅಂದುಕೊಂಡರು. ಶಾಖ ಸೋರದ ಗೋಡೆಗಳು, ಮುಂದೆ ತೆರೆಯಬಹುದಾದ ದೊಡ್ಡ ಗಾಜು, ಒಳಗೆ ಸೋಸಿದ ಗಾಳಿ. ಮೊದಲಿಗೆ ಸುಮಾರು 86 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 30 ಡಿಗ್ರಿ ಸೆಲ್ಸಿಯಸ್. ಮಗು ಬೆಳೆದಂತೆ ಇಳಿಸುತ್ತ ಹೋದರು. ಹಾಸಿಗೆಯ ಜಾಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಕ್ಯಾನ್ವಾಸ್, ಅದರ ಮೇಲೆ ಹಾಯುವ ಹತ್ತು ಗಜದ ಬಟ್ಟೆ ಸುರುಳಿ. ಒದ್ದೆಯಾದರೆ ಹಿಡಿ ತಿರುಗಿಸಿದರೆ ಸಾಕು, ಒಣ ಬಟ್ಟೆ ಬರುತ್ತದೆ. ಮಗುವಿನ ಮೈಮೇಲೆ ಡಯಾಪರ್ ಒಂದೇ. ಹಾಲೂಡಿಸಲು, ಆಡಿಸಲು, ಮುದ್ದಿಸಲು ಎತ್ತಿಕೊಳ್ಳುತ್ತಿದ್ದರು. ಎರಡೂವರೆ ವರ್ಷದವರೆಗೆ ಡೆಬೊರಾ ಅದರಲ್ಲಿ ಮಲಗಿದಳು.

ಅನ್ಯಾಯವಾದದ್ದು ತಲೆಬರಹದಿಂದ. 1945ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಸ್ಕಿನ್ನರ್ ಲೇಖನಕ್ಕೆ ‘ಪೆಟ್ಟಿಗೆಯಲ್ಲಿ ಮಗು’ ಎಂಬರ್ಥದ ಹೆಸರಿಟ್ಟಿತು. ಆ ಹೊತ್ತಿಗೆ ‘ಸ್ಕಿನ್ನರ್ ಪೆಟ್ಟಿಗೆ’ ಎಂದರೆ ಇಲಿಯ ಪೆಟ್ಟಿಗೆಯೆಂದೇ ಹೆಸರಾಗಿತ್ತು. ಡೆಬೊರಾ ಬೆಳೆದು ಕಲಾವಿದೆಯಾದರು, ಲಂಡನ್ನಿನಲ್ಲಿ ನೆಲೆಸಿದರು. ತಾನು ಹುಚ್ಚಿಯಾದದ್ದೂ ಇಲ್ಲ, ಸತ್ತದ್ದೂ ಇಲ್ಲ ಎಂದು 2004ರಲ್ಲಿ ಅವರೇ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂತು.

ಇನ್ನು ಇಲಿಯ ಪೆಟ್ಟಿಗೆ. ಇಲಿ ಸನ್ನೆಕೋಲನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ ಎಂಬಷ್ಟನ್ನು ಎಲ್ಲರೂ ಓದಿರುತ್ತಾರೆ. ಅದರ ಜೀವಾಳ ಪಕ್ಕದ ದಾಖಲೆ ಯಂತ್ರ. ಕಾಗದ ಒಂದೇ ವೇಗದಲ್ಲಿ ಸರಿಯುತ್ತದೆ, ಇಲಿ ಒತ್ತಿದಾಗಲೆಲ್ಲ ಲೇಖನಿ ತುಸು ಮೇಲೇರುತ್ತದೆ. ಬೇಗ ಬೇಗ ಒತ್ತಿದರೆ ಗೆರೆ ಕಡಿದಾಗಿ ಏರುತ್ತದೆ, ನಿಲ್ಲಿಸಿದರೆ ಮಟ್ಟಸ. ಒಮ್ಮೆ ಗುಳಿಗೆ ಬೀಳಿಸುವ ಭಾಗ ಸಿಕ್ಕಿಕೊಂಡಿತು. ಗುಳಿಗೆ ಬಾರದಿದ್ದರೂ ಇಲಿ ಒತ್ತುತ್ತಲೇ ಇದ್ದು, ಕೊನೆಗೆ ಬಿಟ್ಟಿತು. ಕಲಿತದ್ದು ನಶಿಸುವ ರೇಖೆ ಸ್ಕಿನ್ನರ್‌ಗೆ ಸಿಕ್ಕಿದ್ದು ಹೀಗೆ. ಇನ್ನೊಮ್ಮೆ, ಒಂದು ಶನಿವಾರ, ಕೈಯಾರೆ ಮಾಡಿಟ್ಟ ಗುಳಿಗೆ ಸೋಮವಾರದವರೆಗೆ ಸಾಲದೆಂದು ಕಂಡಾಗ ಪ್ರತಿ ಒತ್ತಿಗೂ ಕೊಡುವುದು ಬಿಟ್ಟು ನಿಮಿಷಕ್ಕೆ ಒಂದು ಒತ್ತಿಗೆ ಮಾತ್ರ ಕೊಟ್ಟರು. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಯಾವಾಗಲೋ ಒಮ್ಮೆ ಸಿಗುವ ಪುನರ್ಬಲನ (ವರ್ತನೆ ಮರುಕಳಿಸುವಂತೆ ಮಾಡುವ ಪ್ರತಿಫಲ) ವರ್ತನೆಯನ್ನು ಹೆಚ್ಚು ಗಟ್ಟಿಗೊಳಿಸುತ್ತದೆ ಎಂಬ ಅರಿವಿಗೆ ದಾರಿ ತೆರೆದದ್ದು ಇದು.

ಮನೆಯಲ್ಲಿ ತಂದೆತಾಯಿಗಳು ಎಡವುವುದೂ ಇಲ್ಲೇ. ಮಗು ಹಟ ಹಿಡಿದು ಅತ್ತಾಗ ಮೊಬೈಲ್ ಕೊಡುವುದನ್ನು ನಿಲ್ಲಿಸಿದರೆ ಮೊದಲು ಅಳು ಕಡಿಮೆಯಾಗುವ ಬದಲು ಜೋರಾಗಬಹುದು. ಆ ಹೊತ್ತಿನಲ್ಲಿ ಸೋತು ಕೊಟ್ಟರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಕಲಿಸಿದಂತಾಯಿತು. ಹೊಡೆದು ಬಿಡಿಸುವುದನ್ನು ಸ್ಕಿನ್ನರ್ ಒಪ್ಪುತ್ತಿರಲಿಲ್ಲ: ಶಿಕ್ಷೆ ವರ್ತನೆಯನ್ನು ಅದುಮಿಡುತ್ತದೆ, ಬದಲಿಗೆ ಏನು ಮಾಡಬೇಕೆಂದು ಕಲಿಸುವುದಿಲ್ಲ.

ಮಗಳಿಂದ ಅವರ ಕೆಲಸಕ್ಕೆ ಬಂದದ್ದು ಒಂದಂತೂ ಇದೆ. 1953ರಲ್ಲಿ ಡೆಬೊರಾಳ ನಾಲ್ಕನೇ ತರಗತಿಯ ಗಣಿತ ಪಾಠ ನೋಡಲು ಹೋಗಿದ್ದರು. ಬೇಗ ಮುಗಿಸಿದವರು ಸುಮ್ಮನೆ ಕೂರಬೇಕು, ತಿಳಿಯದವರು ಒದ್ದಾಡಬೇಕು, ಉತ್ತರ ಸರಿಯೋ ತಪ್ಪೋ ಗೊತ್ತಾಗುವುದು ಮಾರನೆಯ ದಿನ. ಕೆಲವೇ ದಿನಗಳಲ್ಲಿ ಅವರು ಒಂದು ಬೋಧನಾ ಯಂತ್ರ ಕಟ್ಟಿದರು. ಮಗು ತನ್ನದೇ ವೇಗದಲ್ಲಿ ಲೆಕ್ಕ ಮಾಡಿ, ಉತ್ತರ ಸರಿಯೇ ಎಂದು ಆ ಕ್ಷಣವೇ ತಿಳಿಯುವಂತೆ.